ಗೋಡೆ ಮೇಲಿನ ಸ್ವಿಚ್ಚಿಗೆ ಬುದ್ಧಿ ಬಂದಾಗ: ಸ್ಮಾರ್ಟ್ ಥರ್ಮೋಸ್ಟಾಟ್ ಬಗ್ಗೆ ಒಂದು ಪಾಠ

ಥರ್ಮೋಸ್ಟಾಟ್ ಅಂದ ತಕ್ಷಣ ನಮಗೆ ನೆನಪಾಗೋದು ಇಸ್ತ್ರಿ ಪೆಟ್ಟಿಗೆ, ಗೀಸರ್, ಫ್ರಿಜ್ಜು. ಬಿಸಿ ಒಂದು ಮಟ್ಟಕ್ಕೆ ಬಂದಾಗ "ಟಕ್" ಅಂತ ಶಬ್ದ ಬಂದು ದೀಪ ಆರಿಹೋಗತ್ತಲ್ಲ, ಆ ಕೆಲಸ ಮಾಡೋದೇ ಥರ್ಮೋಸ್ಟಾಟ್. ಆದರೆ ಅಮೆರಿಕ, ಕೆನಡಾದ ಎಷ್ಟೋ ಕಡೆ ಇಡೀ ಮನೆಗೇ ಒಂದು ಥರ್ಮೋಸ್ಟಾಟ್ ಇರುತ್ತದೆ. ನೆಲಮಾಳಿಗೆಯಲ್ಲಿ ಗ್ಯಾಸ್ ಫರ್ನೇಸ್, ಮನೆ ಹೊರಗೆ ಎಸಿ ಕಂಪ್ರೆಸರ್. ಎರಡಕ್ಕೂ ಅಪ್ಪಣೆ ಕೊಡೋದು ಹಾಲ್‌ನ ಗೋಡೆ ಮೇಲಿರುವ ಅಂಗೈ ಅಗಲದ ಒಂದು ಡಬ್ಬಿ.

ನಮ್ಮ ದೊಡ್ಡಪ್ಪನ ಮಗಳು ಮಿನೆಸೋಟಾದಲ್ಲಿದ್ದಾಳೆ. ಅಕ್ಕ-ಭಾವ ಅಲ್ಲಿ ಒಂದು ಹಳೇ ಮನೆ ತಗೊಂಡರು. ಥರ್ಮೋಸ್ಟಾಟ್ ಬದಲಾಯಿಸೋಕೆ ಹೊರಟಾಗ ಅಕ್ಕ ಫೋಟೋ ಕಳಿಸಿ, "ನೀನು ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯಲ್ಲ, ಹೇಳೋ. ಇಲ್ಲಿ ನಾಲ್ಕೇ ವೈರ್ ಇದೆ, ಹೊಸದಕ್ಕೆ ಐದು ಬೇಕಂತೆ. ಯಾಕೆ?" ಅಂತ ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮ್ಮ ಸಿಲೆಬಸ್‌ನ ಅರ್ಧ ಪಾಠ ಅದರಲ್ಲೇ ಸಿಕ್ಕಿತು. ನಮ್ಮಲ್ಲಿ ಎಷ್ಟೋ ಜನರ ಅಣ್ಣ-ಅಕ್ಕಂದಿರು ಅಲ್ಲಿದ್ದಾರೆ, ಕೆಲವರು ನಾಳೆ ಎಂಎಸ್ ಮಾಡೋಕೆ ಹೋಗ್ತೀರ. ಹಾಗಾಗಿ ಇಲ್ಲಿ ಬರೀತಿದ್ದೀನಿ.

ಒಳಗಿರೋದು ಬರೀ ಸ್ವಿಚ್

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಥರ್ಮೋಸ್ಟಾಟ್ ಮನೆಯನ್ನು ಬಿಸಿ ಮಾಡಲ್ಲ. ಅದೊಂದು ಸ್ವಿಚ್, ಅಷ್ಟೇ. 1883ರಲ್ಲಿ ವಿಸ್ಕಾನ್ಸಿನ್‌ನ ವಾರೆನ್ ಜಾನ್ಸನ್ ಎಂಬ ಪ್ರೊಫೆಸರ್ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದರು. ತರಗತಿಯ ಬಿಸಿ ಹೆಚ್ಚುಕಮ್ಮಿಯಾದರೆ ಕೆಳಗಿದ್ದ ಕೆಲಸಗಾರನಿಗೆ ಗಂಟೆ ಬಾರಿಸಿ ತಿಳಿಸುವುದು ಅದರ ಕೆಲಸವಾಗಿತ್ತು. 1953ರಲ್ಲಿ ಹನಿವೆಲ್ ಕಂಪನಿಯ ಪ್ರಸಿದ್ಧ ದುಂಡು ಥರ್ಮೋಸ್ಟಾಟ್ ಬಂತು. ಅದರಲ್ಲಿ ಬಿಸಿಗೆ ಬಾಗುವ ಲೋಹದ ಸುರುಳಿ, ಅದರ ತುದಿಯಲ್ಲಿ ಪಾದರಸ ತುಂಬಿದ ಪುಟ್ಟ ಗಾಜಿನ ಬುಂಡೆ. ಸುರುಳಿ ಬಾಗಿದಾಗ ಪಾದರಸ ಹರಿದು ಎರಡು ವೈರ್ ಕೂಡಿಸುತ್ತಿತ್ತು. 2011ರಲ್ಲಿ ನೆಸ್ಟ್ ಥರ್ಮೋಸ್ಟಾಟ್ ಬಂದ ಮೇಲೆ ಸೆನ್ಸರ್, ಪ್ರೊಸೆಸರ್, ವೈಫೈ ಎಲ್ಲ ಸೇರಿದವು. ಆದರೂ ಕೊನೆಗೆ ನಡೆಯೋದು ಅದೇ: ಎರಡು ವೈರ್ ಕೂಡಿಸೋದು, ಬಿಡಿಸೋದು.

ಹಾಗಾದರೆ 21 ಡಿಗ್ರಿ ಬೇಕು ಅಂತ ಇಟ್ಟರೆ ಸರಿಯಾಗಿ 21ಕ್ಕೆ ಆನ್-ಆಫ್ ಆಗತ್ತಾ? ಇಲ್ಲ. ಹಾಗೆ ಮಾಡಿದರೆ ಫರ್ನೇಸ್ ನಿಮಿಷಕ್ಕೆ ಹತ್ತು ಸಲ ಆನ್-ಆಫ್ ಆಗಿ ಹಾಳಾಗತ್ತೆ. ಅದಕ್ಕೇ ಸುಮಾರು 20.5ಕ್ಕೆ ಆನ್, 21.5ಕ್ಕೆ ಆಫ್ ಅನ್ನೋ ಥರ ನಡುವೆ ಸ್ವಲ್ಪ ಅಂತರ ಇಡ್ತಾರೆ. ಲ್ಯಾಬ್‌ನಲ್ಲಿ ಶ್ಮಿಟ್ ಟ್ರಿಗರ್ ಮಾಡಿದ್ದು ನೆನಪಿದೆಯಾ? ಅದೇ ಹಿಸ್ಟರಿಸಿಸ್.

ಐದನೇ ವೈರ್ ಯಾಕೆ ಬೇಕು

ಫರ್ನೇಸ್ ಒಳಗೆ 24 ವೋಲ್ಟ್ ಎಸಿ ಕೊಡುವ ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಲ್ಲಿಂದ ಗೋಡೆಗೆ ಬರುವ ವೈರ್‌ಗಳಿಗೆ ಅಕ್ಷರದ ಹೆಸರು. ಆರ್ ಅಂದರೆ ಕರೆಂಟ್ ಬರುವ ವೈರ್. ಡಬ್ಲ್ಯೂ ಬಿಸಿಗೆ, ವೈ ತಂಪಿಗೆ, ಜಿ ಫ್ಯಾನ್‌ಗೆ. ಆರ್ ಮತ್ತು ಡಬ್ಲ್ಯೂ ಕೂಡಿಸಿದರೆ ಫರ್ನೇಸ್‌ನಲ್ಲಿರುವ ರಿಲೇ ಕೆಲಸ ಮಾಡಿ ಬೆಂಕಿ ಹೊತ್ತಿಕೊಳ್ಳುತ್ತದೆ. ಹಳೇ ಥರ್ಮೋಸ್ಟಾಟ್‌ಗೆ ಇಷ್ಟೇ ಸಾಕಿತ್ತು, ಯಾಕಂದರೆ ಪಾದರಸದ ಸ್ವಿಚ್ಚಿಗೆ ತನಗೆ ಅಂತ ಕರೆಂಟೇ ಬೇಡ.

ಸ್ಮಾರ್ಟ್ ಥರ್ಮೋಸ್ಟಾಟ್‌ಗೆ ಡಿಸ್ಪ್ಲೇ ಇದೆ, ವೈಫೈ ಇದೆ, ಅದಕ್ಕೆ ದಿನವಿಡೀ ಕರೆಂಟ್ ಬೇಕು. ಆರ್‌ನಿಂದ ಕರೆಂಟ್ ಬಂದರೆ ಸಾಲದು, ವಾಪಸ್ ಹೋಗೋಕೂ ದಾರಿ ಬೇಕಲ್ವಾ? ಆ ದಾರಿಯೇ ಐದನೇ ವೈರ್, ಸಿ, ಅಂದರೆ ಕಾಮನ್.

ಸಿ ಇಲ್ಲದಿದ್ದಾಗ ಕೆಲವು ಥರ್ಮೋಸ್ಟಾಟ್‌ಗಳು ಒಂದು ಉಪಾಯ ಮಾಡುತ್ತವೆ. ಸ್ವಿಚ್ ತೆರೆದಿದ್ದಾಗ ರಿಲೇ ಕಾಯಿಲ್ ಮೂಲಕವೇ ರಿಲೇ ಆನ್ ಆಗದಷ್ಟು ಚೂರು ಕರೆಂಟ್ ಎಳೆದು ತಮ್ಮ ಬ್ಯಾಟರಿ ತುಂಬಿಸಿಕೊಳ್ಳುತ್ತವೆ. ಆದರೆ ಸ್ವಿಚ್ ಮುಚ್ಚಿದಾಗ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಹೆಚ್ಚುಕಮ್ಮಿ ಸೊನ್ನೆ. ಆಗ ಕದಿಯೋಕೆ ಏನೂ ಇಲ್ಲ! ಅಂದರೆ ಕೊರೆಯುವ ಚಳಿಯಲ್ಲಿ ಫರ್ನೇಸ್ ಗಂಟೆಗಟ್ಟಲೆ ಓಡುವಾಗಲೇ ಬ್ಯಾಟರಿಗೆ ಕಷ್ಟಕಾಲ.

ಇದು ಸಣ್ಣ ವಿಷಯ ಅಲ್ಲ. ಮಿನೆಸೋಟಾದ ಚಳಿಗಾಲದಲ್ಲಿ ಹೊರಗೆ ಮೈನಸ್ 20 ಡಿಗ್ರಿಗೂ ಇಳಿಯತ್ತೆ. ಥರ್ಮೋಸ್ಟಾಟ್ ಸತ್ತರೆ ಫರ್ನೇಸ್ ನಿಲ್ಲತ್ತೆ, ಪೈಪ್‌ನಲ್ಲಿ ನೀರು ಹೆಪ್ಪುಗಟ್ಟಿ ಪೈಪೇ ಒಡೆಯಬಹುದು. 2016ರ ಜನವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ನೆಸ್ಟ್ ಥರ್ಮೋಸ್ಟಾಟ್‌ಗಳ ಬ್ಯಾಟರಿ ಖಾಲಿಯಾಗಿ ಹಲವರ ಮನೆ ತಣ್ಣಗಾಗಿದ್ದು ದೊಡ್ಡ ಸುದ್ದಿಯಾಗಿತ್ತು.

ಅಕ್ಕನ ಮನೆಯಲ್ಲಿ ಗೋಡೆಯೊಳಗೆ ಬಳಸದ ಒಂದು ನೀಲಿ ವೈರ್ ಸುತ್ತಿಟ್ಟಿದ್ದರು. ಅದನ್ನು ಎರಡೂ ಕಡೆ, ಅಂದರೆ ಗೋಡೆಯಲ್ಲೂ ಫರ್ನೇಸ್‌ನಲ್ಲೂ, ಸಿ ಗುರುತಿಗೆ ಜೋಡಿಸಿದರೆ ಸಾಕಾಯಿತು. ಹಾಗೆ ಹೆಚ್ಚಿನ ವೈರ್ ಇಲ್ಲದವರು 24 ವೋಲ್ಟ್‌ನ ಪ್ಲಗ್ ಅಡಾಪ್ಟರ್ ಹಾಕಬಹುದು, ಅಥವಾ ಥರ್ಮೋಸ್ಟಾಟ್ ಜೊತೆ ಬರುವ ಪವರ್ ಎಕ್ಸ್‌ಟೆಂಡರ್ ಕಿಟ್ ಬಳಸಬಹುದು.

ದುಡ್ಡು ಎಲ್ಲಿಂದ ಉಳಿಯತ್ತೆ

ಮನೆಯಿಂದ ಹೊರಹೋಗುವ ಶಾಖ ಒಳಗಿನ ಮತ್ತು ಹೊರಗಿನ ಉಷ್ಣತೆಯ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಒಳಗೆ 21, ಹೊರಗೆ ಮೈನಸ್ 9 ಅಂದುಕೊಳ್ಳಿ, ವ್ಯತ್ಯಾಸ 30. ಮಲಗುವಾಗ 17ಕ್ಕೆ ಇಳಿಸಿದರೆ ವ್ಯತ್ಯಾಸ 26. ಆ ಹೊತ್ತಿನಲ್ಲಿ ಸೋರಿಕೆ 30ಕ್ಕೆ 4 ಪಾಲು, ಅಂದರೆ ಶೇಕಡಾ 13ರಷ್ಟು ಕಮ್ಮಿ. ದಿನಕ್ಕೆ 8 ಗಂಟೆ ಹೀಗೆ ಮಾಡಿದರೆ ಒಟ್ಟು ಸುಮಾರು ಶೇಕಡಾ 4.4 ಉಳಿತಾಯ. ಎಲ್ಲರೂ ಆಫೀಸಿಗೆ ಹೋದ 8 ಗಂಟೆಯೂ ಇಳಿಸಿದರೆ ಹತ್ತಿರ ಹತ್ತಿರ 9. ಮನೆ ನಿಧಾನವಾಗಿ ತಣ್ಣಗಾಗುವುದರಿಂದ ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಮ್ಮಿಯೇ ಸಿಗತ್ತೆ.

"ಮತ್ತೆ ಬಿಸಿ ಮಾಡೋಕೆ ಅಷ್ಟೇ ಗ್ಯಾಸ್ ಬೇಕಲ್ವಾ?" ಅಂತ ಭಾವ ಕೇಳಿದರು. ತಳದಲ್ಲಿ ತೂತಿರೋ ನೀರಿನ ಡ್ರಮ್ ನೆನೆಸಿಕೊಳ್ಳಿ. ತುಂಬಿದ್ದಾಗ ಜೋರಾಗಿ ಸೋರತ್ತೆ, ಮಟ್ಟ ಇಳಿದಾಗ ನಿಧಾನ. ಬೆಳಿಗ್ಗೆ ಮತ್ತೆ ತುಂಬಿಸುವಾಗ ನಾವು ತುಂಬೋದು ಸೋರಿದಷ್ಟನ್ನೇ. ರಾತ್ರಿಯಿಡೀ ತುಂಬಿಟ್ಟುಕೊಂಡೇ ಇದ್ದರೆ ಒಟ್ಟು ಸೋರೋದು ಜಾಸ್ತಿ.

ಅಲ್ಲಿಗೆ ಮುಖ್ಯ ಮಾತು ಬಂತು. ಉಳಿತಾಯ ಬರೋದು ಇಳಿಸಿದ ಡಿಗ್ರಿಯಿಂದ, ಹೊಸ ಡಬ್ಬಿಯಿಂದ ಅಲ್ಲ. ದಿನಾ ಮಲಗುವ ಮುಂಚೆ ಕೈಯಿಂದಲೇ ಇಳಿಸುವವರಿಗೆ ಸ್ಮಾರ್ಟ್ ಥರ್ಮೋಸ್ಟಾಟ್‌ನಿಂದ ಹೊಸ ಲಾಭ ಹೆಚ್ಚೇನೂ ಇಲ್ಲ. ಮರೆಯುವವರಿಗೆ ಲಾಭ ಇದೆ. ಹೀಟ್ ಪಂಪ್ ಇರುವ ಮನೆಯಲ್ಲಿ ಮಾತ್ರ ಹುಷಾರಾಗಿರಬೇಕು. ತುಂಬಾ ಇಳಿಸಿ ಒಮ್ಮೆಲೇ ಏರಿಸಿದರೆ ಜಾಸ್ತಿ ಕರೆಂಟ್ ತಿನ್ನುವ ಸಹಾಯಕ ಹೀಟರ್ ಆನ್ ಆಗಿ ಉಳಿಸಿದ್ದೆಲ್ಲ ಹೋಗಬಹುದು.

ಬದಲಾಯಿಸುವ ಮುಂಚೆ

1. ಬ್ರೇಕರ್ ಆಫ್ ಮಾಡಿ. ಹಳೇದರ ಮುಚ್ಚಳ ತೆಗೆದು ಫೋಟೋ ತಗೊಳ್ಳಿ.
2. ವೈರ್‌ನ ಬಣ್ಣ ನಂಬಬೇಡಿ, ಅದು ಯಾವ ಅಕ್ಷರಕ್ಕೆ ಸೇರಿದೆ ಅಂತ ನೋಡಿ.
3. ದಪ್ಪ ವೈರ್ ಇದ್ದರೆ, ಅಥವಾ 120 ಇಲ್ಲವೇ 240 ವೋಲ್ಟ್ ಅಂತ ಬರೆದಿದ್ದರೆ ಅಲ್ಲೇ ನಿಲ್ಲಿಸಿ. ಅದಕ್ಕೆ 24 ವೋಲ್ಟ್‌ನ ಥರ್ಮೋಸ್ಟಾಟ್ ಹಾಕಿದರೆ ಬೆಂಕಿ ಹತ್ತುವ ಅಪಾಯ ಇದೆ. ಎಲೆಕ್ಟ್ರಿಷಿಯನ್‌ನ ಕರೆಸಿ.
4. ಆರ್ ಮತ್ತು ಸಿ ಒಂದಕ್ಕೊಂದು ತಾಗಬಾರದು, ಫರ್ನೇಸ್ ಬೋರ್ಡಿನ ಫ್ಯೂಸ್ ಹೋಗಬಹುದು.
5. ಹಳೇದರಲ್ಲಿ ಪಾದರಸ ಇದ್ದರೆ ಕಸದ ಬುಟ್ಟಿಗೆ ಹಾಕಬೇಡಿ. ಅದನ್ನು ತಗೊಳ್ಳುವ ಸಂಗ್ರಹ ಕೇಂದ್ರಗಳಿಗೆ ಕೊಡಿ.
6. ಆ್ಯಪ್ ಎಷ್ಟು ವರ್ಷ ನಡೆಯತ್ತೆ ಅಂತ ಯೋಚಿಸಿ. ಗೂಗಲ್ ಕಂಪನಿ 2025ರ ಅಕ್ಟೋಬರ್‌ನಲ್ಲಿ ಮೊದಲ ಎರಡು ತಲೆಮಾರಿನ ನೆಸ್ಟ್‌ಗಳಿಗೆ ಆ್ಯಪ್ ಬೆಂಬಲ ನಿಲ್ಲಿಸಿತು. ಅವು ಗೋಡೆ ಮೇಲೆ ಕೆಲಸ ಮಾಡುತ್ತವೆ, ಫೋನ್‌ನಿಂದ ಮಾತ್ರ ಆಗಲ್ಲ.

ನಮಗೇನು ಉಪಯೋಗ

ನಮ್ಮ ರಾಜ್ಯದಲ್ಲಿ ಮನೆ ಬಿಸಿ ಮಾಡುವ ಫರ್ನೇಸ್ ಬೇಕಿಲ್ಲ, ಆದರೆ ಅದೇ ಲೆಕ್ಕ ತಿರುಗಿಸಿದರೆ ಎಸಿಗೂ ಸರಿಹೋಗತ್ತೆ. ಬೇಸಿಗೆಯಲ್ಲಿ ರಾಯಚೂರಿನಲ್ಲಿ ಹೊರಗೆ 40 ಡಿಗ್ರಿ ಇದ್ದಾಗ ರೂಮನ್ನು 20ಕ್ಕೆ ಇಟ್ಟರೆ ವ್ಯತ್ಯಾಸ 20, 24ಕ್ಕೆ ಇಟ್ಟರೆ 16. ಗೋಡೆಯಿಂದ ಒಳಬರುವ ಶಾಖ ಐದರಲ್ಲಿ ಒಂದು ಪಾಲು ಕಮ್ಮಿ. ಭಾರತದಲ್ಲಿ 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ಮೊದಲೇ 24ಕ್ಕೆ ಸೆಟ್ ಆಗಿ ಬರಬೇಕು ಅನ್ನೋ ನಿಯಮ ಬಂದಿದ್ದು ಇದಕ್ಕೇ.

ಸ್ಮಾರ್ಟ್ ಅನ್ನೋ ಪದ ನೋಡಿ ದುಡ್ಡು ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಇದಕ್ಕೆ ಕರೆಂಟ್ ಎಲ್ಲಿಂದ ಬರತ್ತೆ, ಇದು ಕೆಟ್ಟರೆ ಮನೇಲಿ ಏನಾಗತ್ತೆ? ಉತ್ತರ ಸಿಕ್ಕಿದ ಮೇಲೆ ತಗೊಳ್ಳಿ. ಸಂದೇಹ ಇದ್ದರೆ ಕನ್ನಡ ಸಂಘದ ಗುಂಪಿನಲ್ಲಿ ಕೇಳಿ, ಸರ್ಕ್ಯೂಟ್ ಬಿಡಿಸಿ ತೋರಿಸ್ತೀನಿ.