ದುಬಾರಿ ಹೆಡ್‌ಫೋನ್ ಮತ್ತು ಬೆಲೆ ನಿರ್ಧಾರದ ಲೆಕ್ಕ

ತಯಾರಿಕಾ ವೆಚ್ಚಕ್ಕೆ ಶೇ. 20ರಷ್ಟು ಲಾಭ ಸೇರಿಸಿ ಬೆಲೆ ಗೊತ್ತುಪಡಿಸುವುದು ಸಣ್ಣ ಉದ್ದಿಮೆಗಳಲ್ಲಿ ರೂಢಿಯಲ್ಲಿರುವ ಪದ್ಧತಿ. ಈ ಸೂತ್ರಕ್ಕೆ ನಿಲುಕದ ಸರಕುಗಳೂ ಇವೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಎಚ್‌ಇ 1 ಹೆಡ್‌ಫೋನಿನ ಬೆಲೆ ಆಗ ಸುಮಾರು 50,000 ಯೂರೋ ಇತ್ತು. ಅದರ ಆಂಪ್ಲಿಫೈಯರ್ ಪೆಟ್ಟಿಗೆ ಇಟಲಿಯ ಕರಾರಾ ಅಮೃತಶಿಲೆಯದು. ಕಂಪನ ತಡೆಯಲೆಂದು ಶಿಲೆಯನ್ನು ಬಳಸಲಾಗಿದೆ ಎಂಬುದು ಸಂಸ್ಥೆಯ ವಿವರಣೆ. ಅದು ಕೊಳ್ಳುವವರ ಕಣ್ಣನ್ನೂ ಸೆಳೆಯುತ್ತದೆಂಬುದು ಬೇರೆ ಮಾತು.

ಆದರೆ ಇಂತಹ ಬೆಲೆಯೆಲ್ಲವೂ ಆಡಂಬರದ್ದೆಂದು ತಳ್ಳಿಹಾಕುವಂತಿಲ್ಲ. ಇದಕ್ಕೆ ಹಿಂದಿನ, 1991ರ ಆರ್ಫಿಯಸ್ ಮಾದರಿ ತಯಾರಾದುದು ಸುಮಾರು 300 ಮಾತ್ರ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಸಂಶೋಧನೆ, ಅಚ್ಚು ಹಾಗೂ ಪರೀಕ್ಷಾ ಉಪಕರಣಗಳಿಗೆ ರೂ. 1 ಕೋಟಿ, ಒಂದೊಂದು ನಗಕ್ಕೆ ಸಾಮಗ್ರಿ ಮತ್ತು ಕೂಲಿ ರೂ. 4,000. ತಯಾರಕನು 10,000 ನಗ ಮಾರಾಟವಾಗುವುದೆಂದು ಅಂದಾಜಿಸಿದರೆ ನಗದ ವೆಚ್ಚ ರೂ. 5,000, ಲಾಭ ಸೇರಿ ಬೆಲೆ ರೂ. 6,000. ಮಾರಾಟವಾದುದು 300 ಮಾತ್ರವಾದರೆ ಕೈಗೆ ಉಳಿಯುವುದು ರೂ. 6 ಲಕ್ಷ, ರೂ. 94 ಲಕ್ಷ ನಷ್ಟ. ಆ 300ರಲ್ಲಿಯೇ ಅಸಲು ಹುಟ್ಟಬೇಕಾದರೆ ಬೆಲೆ ರೂ. 37,000 ಮೀರಬೇಕು. ದಿವಾಳಿಗೆ ಕಾರಣವಾಗುವುದು ಲಾಭದ ಶೇಕಡಾವಾರಲ್ಲ, ಮಾರಾಟದ ಅಂದಾಜು.

ಇದೇ ಲೆಕ್ಕದ ಇನ್ನೊಂದು ಮುಖವೂ ಉಂಟು. ಸೆನ್‌ಹೈಸರ್‌ನ ಎಚ್‌ಡಿ 650 ಮಾದರಿ 2003ರದು. ಅಮೆರಿಕದಲ್ಲಿ ಅದರ ಘೋಷಿತ ಬೆಲೆ ಸುಮಾರು 500 ಡಾಲರ್ ಇತ್ತು. ಅದನ್ನೇ ಹೋಲುವ ಎಚ್‌ಡಿ 6ಎಕ್ಸ್‌ಎಕ್ಸ್ ಎಂಬುದನ್ನು ಮಾಸ್‌ಡ್ರಾಪ್ ಎಂಬ ಸಂಸ್ಥೆ 2016ರಲ್ಲಿ ಸುಮಾರು 200 ಡಾಲರಿಗೆ ನೀಡಿತು. ಮುಂಗಡ ಬೇಡಿಕೆಯ ಮೇಲೆ ನೇರ ಮಾರಾಟ; ನಡುವೆ ಅಂಗಡಿಯವನ ಲಾಭಾಂಶವಿಲ್ಲ, ಗೋದಾಮಿನಲ್ಲಿ ಹಣ ಸಿಕ್ಕಿಬೀಳುವುದಿಲ್ಲ. ಬಣ್ಣ, ಹೆಸರು ಹಾಗೂ ತಂತಿಯ ಉದ್ದವನ್ನು ಬದಲಿಸಿ ಮೂಲ ಮಾದರಿಯ ಬೆಲೆಗೆ ಒಂದು ಬೇಲಿ ಹಾಕಲಾಯಿತು. ಆ ಬೇಲಿ ಗಟ್ಟಿಯಾದುದೇನಲ್ಲ. ವ್ಯತ್ಯಾಸ ಬಲ್ಲ ಗ್ರಾಹಕನೆದುರು 500 ಡಾಲರಿನ ಸರಕನ್ನು ಇಟ್ಟುಕೊಂಡ ವರ್ತಕನ ಪಾಡನ್ನು ಊಹಿಸಬಹುದು.

ಶಿಖರದ ಮಾದರಿಯು ಸಂಸ್ಥೆಗೆ ಹೆಸರು ತರುತ್ತದೆ. ನಿತ್ಯದ ವಹಿವಾಟನ್ನು ಕಾಯುವುದು ಬೇರೆ ಕೆಲಸ. ಹೆಡ್‌ಫೋನುಗಳನ್ನೊಳಗೊಂಡ ಗ್ರಾಹಕ ವಿಭಾಗವನ್ನು ಸ್ವಿಟ್ಜರ್ಲೆಂಡಿನ ಶ್ರವಣೋಪಕರಣ ಸಂಸ್ಥೆ ಸೊನೋವಾಗೆ 20 ಕೋಟಿ ಯೂರೋಗೆ ಮಾರಲು ಸೆನ್‌ಹೈಸರ್ 2021ರಲ್ಲಿ ಒಪ್ಪಿತು. 2022ರ ಮಾರ್ಚ್‌ನಲ್ಲಿ ಹಸ್ತಾಂತರ ಮುಗಿಯಿತು. ಮೈಕ್ರೋಫೋನ್ ಮುಂತಾದ ವೃತ್ತಿಪರ ಉಪಕರಣಗಳ ವ್ಯವಹಾರವನ್ನು ಕುಟುಂಬವು ತನ್ನಲ್ಲೇ ಉಳಿಸಿಕೊಂಡಿತು.