ಪಕ್ಕದ ಕೋಣೆಯ ಕಂಪ್ಯೂಟರ್ ಯಾಕೆ ಕಾಣುವುದಿಲ್ಲ?

ಒಂದೇ ವೈಫೈ, ಎರಡೂ ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಸಲೀಸು. ಆದರೆ ಒಂದರ ನೆಟ್‌ವರ್ಕ್ ಪಟ್ಟಿಯಲ್ಲಿ ಇನ್ನೊಂದರ ಹೆಸರಿಲ್ಲ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಮನೆಗಳಲ್ಲಿ ಇದು ಬರೀ ಕಿರಿಕಿರಿಯಲ್ಲ. ಸಾತಪೂರ, ಅಂಬಡ, ವಾಳೂಜ್ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳ ಲೆಕ್ಕಪತ್ರ ಎಷ್ಟೋ ಸಲ ಮನೆಯಲ್ಲೇ ನಡೆಯುತ್ತದೆ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯ ಡೇಟಾ ಒಂದು ಯಂತ್ರದಲ್ಲಿರುತ್ತದೆ, ಇನ್ನೊಂದರಿಂದ ಅದನ್ನು ತೆರೆದು ವೋಚರ್ ಹಾಕಬೇಕು. ದಾರಿ ಸಿಗದಾಗ ಜನ ಪೆನ್‌ಡ್ರೈವ್ ಹಿಡಿಯುತ್ತಾರೆ. ಅಲ್ಲಿಂದ ಒಂದೇ ವ್ಯವಹಾರಕ್ಕೆ ಎರಡು ಲೆಕ್ಕ ಹುಟ್ಟಿಕೊಂಡು, ಜಿಎಸ್‌ಟಿ ರಿಟರ್ನ್ ಹೊತ್ತಿಗೆ ಯಾವುದು ಸರಿ ಎಂದು ಒದ್ದಾಡಬೇಕಾಗುತ್ತದೆ. ಇಂಥ ಜಾಲಗಳ ಜೊತೆ ಕೆಲಸ ಮಾಡಿ ನಾನು ಕಲಿತದ್ದು ಇಷ್ಟು: ಕಾಣುವುದು ಬೇರೆ, ತಲುಪುವುದು ಬೇರೆ. ಮೊದಲು ತಲುಪುತ್ತದೆಯೇ ನೋಡಬೇಕು, ಕಾಣಿಸುವ ಚಿಂತೆ ಆಮೇಲೆ.

ಆ ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಜಾಲದ ಯಾವುದಾದರೂ ಒಂದು ಯಂತ್ರ ಎಲ್ಲರ ಹೆಸರುಗಳನ್ನು ಸಂಗ್ರಹಿಸಿ ಇಟ್ಟುಕೊಳ್ಳುತ್ತಿತ್ತು. ಆ ಏರ್ಪಾಡು ಎಸ್‌ಎಂಬಿ 1 ಎಂಬ ಫೈಲ್ ಹಂಚಿಕೆಯ ಹಳೆಯ ಪದ್ಧತಿಯನ್ನು ನೆಚ್ಚಿಕೊಂಡಿತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಆ ಪದ್ಧತಿಯಲ್ಲಿದ್ದ ದೋಷದ ಮೂಲಕವೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು. 2018ರಲ್ಲಿ, ಮನೆಯ ಯಂತ್ರಗಳನ್ನು ಕೂಡಿಸುತ್ತಿದ್ದ ಹೋಮ್‌ಗ್ರೂಪ್ ಕೂಡ ಹೋಯಿತು. ಈಗ ಪ್ರತಿ ಯಂತ್ರವೂ ತನ್ನ ಹೆಸರನ್ನು ತಾನೇ ಸಾರಬೇಕು. ಅದಕ್ಕೆ 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್' ಎಂಬ ಸರ್ವಿಸ್ ಓಡುತ್ತಿರಬೇಕು. ಅದು ನಿಂತಿದ್ದರೆ ಹೆಸರು ಕಾಣದು, ಫೋಲ್ಡರ್ ಮಾತ್ರ ತೆರೆಯುತ್ತದೆ. ಹಾಗಾಗಿ ಎಕ್ಸ್‌ಪ್ಲೋರರ್‌ನ ಮೇಲಿನ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಇನ್ನೊಂದು ಯಂತ್ರದ ಐಪಿ ವಿಳಾಸ ಬರೆದು ಎಂಟರ್ ಒತ್ತುವುದೇ ಮೊದಲ ಪರೀಕ್ಷೆ. ತೆರೆದರೆ ಜಾಲ ಸರಿಯಿದೆ. ಪಿಂಗ್ ಮಾಡಿ ನೋಡುವವರಿಗೆ ಒಂದು ಮಾತು: ವಿಂಡೋಸ್‌ನ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದೆಯೂ ಇರಬಹುದು. ಉತ್ತರ ಬಂದರೆ ದಾರಿ ಇದೆ ಎಂಬುದು ಖಾತ್ರಿ. ಬರದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ.

ವಿಳಾಸ ಕೊಟ್ಟರೂ ತೆರೆಯದಿದ್ದರೆ ಎರಡೂ ವಿಳಾಸಗಳನ್ನು ಪಕ್ಕಪಕ್ಕ ಬರೆದು ನೋಡಬೇಕು. 169.254ರಿಂದ ಶುರುವಾದರೆ ಆ ಯಂತ್ರಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಇದ್ದರೆ ಮನೆಯಲ್ಲಿ ಎರಡು ಜಾಲಗಳಿವೆ. ಈ ಎರಡೂ ನಗರಗಳಲ್ಲಿ ನಾನು ಹೆಚ್ಚು ಶಂಕಿಸುವುದು ಇದನ್ನೇ. ಎರಡೂ ಕಡೆ ಮಹಾರಾಷ್ಟ್ರ ಸರ್ಕಾರದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಕಟ್ಟಿಸಿದ ಬಡಾವಣೆಗಳಿವೆ. ಅಲ್ಲಿನ ಸಣ್ಣ ಮನೆಗಳ ಮೇಲೆ ಜನ ಮಹಡಿ ಏರಿಸಿಕೊಂಡಿದ್ದಾರೆ. ಕಾಂಕ್ರೀಟ್ ಸ್ಲ್ಯಾಬ್ ದಾಟುವಾಗ ವೈಫೈ ಸೊರಗುತ್ತದೆ, ಮೇಲೆ ಇನ್ನೊಂದು ರೂಟರ್ ಬರುತ್ತದೆ, ಕೆಳಗಿನಿಂದ ಬಂದ ಕೇಬಲ್ ಅದರ ವ್ಯಾನ್ ಪೋರ್ಟ್‌ಗೆ ಸೇರುತ್ತದೆ. ಆಗ ಮೇಲಿನ ರೂಟರ್ ತನ್ನದೇ ಪ್ರತ್ಯೇಕ ಜಾಲ ಕಟ್ಟುತ್ತದೆ. ಇದರ ಗುರುತು, ಸಂಪರ್ಕ ಒಮ್ಮುಖವಾಗಿರುವುದು: ಮೇಲಿನ ಕಂಪ್ಯೂಟರ್ ವಿಳಾಸ ಹಿಡಿದು ಕೆಳಗಿನದನ್ನು ತಲುಪಬಲ್ಲದು, ಕೆಳಗಿನದು ಮೇಲಕ್ಕೆ ಹೋಗಲಾರದು. ಇಂಟರ್ನೆಟ್ ಎರಡರಲ್ಲೂ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಿಸಿದರೆ ಮನೆ ಮತ್ತೆ ಒಂದೇ ಜಾಲವಾಗುತ್ತದೆ. ಗೆಸ್ಟ್ ವೈಫೈಗೆ ಸೇರಿದ ಲ್ಯಾಪ್‌ಟಾಪ್ ಕಾಣದಿರುವುದಂತೂ ಸಹಜ; ಬೇರೆಯಾಗಿಡಲೆಂದೇ ಗೆಸ್ಟ್ ವೈಫೈ ಇರುವುದು. ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಿ ಶಾರ್ಟ್‌ಕಟ್ ಕೆಟ್ಟರೆ, ಟ್ಯಾಲಿ ಇರುವ ಯಂತ್ರಕ್ಕೆ ರೂಟರ್‌ನಲ್ಲೇ ಒಂದು ವಿಳಾಸ ಕಾಯ್ದಿರಿಸಬೇಕು.

ಇಷ್ಟೆಲ್ಲ ಯಾಕೆ, ಫೈರ್‌ವಾಲ್ ಆಫ್ ಮಾಡಿದರೆ ಎಲ್ಲ ಸರಿಹೋಗುತ್ತದಲ್ಲ ಎನ್ನುವವರಿದ್ದಾರೆ. ಒಂದು ನಿಮಿಷದ ಪರೀಕ್ಷೆಗೆ ನಾನೂ ಒಪ್ಪುತ್ತೇನೆ. ಎಲ್ಲಿ ತಡೆ ಇದೆ ಎಂದು ಅದರಿಂದ ತಿಳಿಯುತ್ತದೆ. ಹಾಗೇ ಬಿಟ್ಟುಬಿಡುವುದನ್ನು ಮಾತ್ರ ಒಪ್ಪಲಾರೆ. ತಡೆಗೆ ಕಾರಣ ಸಾಮಾನ್ಯವಾಗಿ ವಿಂಡೋಸ್ ಮನೆಯ ವೈಫೈಯನ್ನು 'ಪಬ್ಲಿಕ್' ಎಂದು ಗುರುತಿಸಿರುವುದು. ಅದನ್ನು 'ಪ್ರೈವೇಟ್' ಮಾಡಿ ಫೈಲ್ ಶೇರಿಂಗ್‌ಗೆ ಅನುಮತಿ ಕೊಟ್ಟರೆ ಸಾಕು, ಅದೇ ಲ್ಯಾಪ್‌ಟಾಪ್ ನಾಳೆ ರೈಲು ನಿಲ್ದಾಣದ ವೈಫೈಗೆ ಸೇರಿದಾಗ ರಕ್ಷಣೆ ಉಳಿದಿರುತ್ತದೆ. ಪಟ್ಟಿಯಲ್ಲಿ ಹೆಸರು ಬರಲೆಂದು ಎಸ್‌ಎಂಬಿ 1ನ್ನು ಮತ್ತೆ ತರುವುದೂ ಹೀಗೆಯೇ. ಒಂದು ಹೆಸರಿಗಾಗಿ ಅಷ್ಟು ಬೆಲೆ ತೆರಬಾರದು. ಪಾಸ್‌ವರ್ಡ್ ಕೇಳಿ ಕೇಳಿ ತಿರಸ್ಕರಿಸುತ್ತಿದ್ದರೆ ಸಂತೋಷಪಡಬೇಕು, ಆಗಲೇ ತಲುಪಿ ಆಗಿದೆ. ದಿನಾ ಹಾಕುವ ಪಿನ್ ಜಾಲದ ಮೇಲೆ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನೂ ತಾನಾಗಿ ಒಪ್ಪುವುದಿಲ್ಲ.

ಮಗ ನಾಸಿಕ್‌ನಲ್ಲಿ, ಅಪ್ಪನ ಕಂಪ್ಯೂಟರ್ ಸಂಭಾಜಿನಗರದಲ್ಲಿ ಎಂದಾಗ ಪ್ರಶ್ನೆಯೇ ಬದಲಾಗುತ್ತದೆ. ಎರಡೂ ಮನೆಯಲ್ಲಿ 192.168.1.5 ಇರಬಹುದು. 1996ರಿಂದ ಇಂದಿನ ರೂಪದಲ್ಲಿರುವ ನಿಯಮದಂತೆ ಈ ವಿಳಾಸಗಳನ್ನು ಯಾವ ಮನೆಯಾದರೂ ಬಳಸಬಹುದು, ಹೊರಗೆ ಅವುಗಳಿಗೆ ಅರ್ಥವಿಲ್ಲ. ರೂಟರ್‌ಗೆ ಸಿಕ್ಕ ಹೊರವಿಳಾಸ 100.64ರಿಂದ 100.127ರೊಳಗಿದ್ದರೆ ಅದೂ ಸೇವಾದಾರರ ಒಳಜಾಲದ್ದೇ, ಪೋರ್ಟ್ ಫಾರ್ವರ್ಡ್ ಮಾಡಿ ಫಲವಿಲ್ಲ. ಫಲವಿದ್ದಲ್ಲೂ ಫೈಲ್ ಹಂಚಿಕೆಯ 445ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆಯಲೇಬಾರದು. ಟೇಲ್‌ಸ್ಕೇಲ್‌ನಂಥ ವಿಪಿಎನ್ ಎರಡೂ ಯಂತ್ರಗಳಿಗೆ ಬೇರೆ ಬೇರೆ ವಿಳಾಸ ಕೊಟ್ಟು ಕೂಡಿಸುತ್ತದೆ. ಗೂಗಲ್ ಡ್ರೈವ್ ಸಾಲದೇ ಎಂದರೆ, ಫೋಟೊ, ಬಿಲ್ಲುಗಳಿಗೆ ಧಾರಾಳ ಸಾಕು. ಇಬ್ಬರು ಒಟ್ಟಿಗೆ ಬರೆಯುವ ಲೆಕ್ಕದ ಫೋಲ್ಡರ್‌ಗೆ ಸಲ್ಲದು, ಎರಡು ಪ್ರತಿಗಳ ಹಳೆಯ ಗೋಳು ಮತ್ತೆ ಬರುತ್ತದೆ. ವಿಪಿಎನ್ ಮೇಲೆ ಟ್ಯಾಲಿಯ ಫೋಲ್ಡರನ್ನು ದೂರದಿಂದ ತೆರೆಯುವುದನ್ನೂ ನಾನು ಸೂಚಿಸುವುದಿಲ್ಲ. ಬರೆಯುವ ನಡುವೆ ಸಂಪರ್ಕ ಕಡಿದರೆ ಡೇಟಾ ಕೆಡಬಹುದು. ಅಪ್ಪನ ಯಂತ್ರದ ಪರದೆಯನ್ನೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆದು ಅಲ್ಲೇ ವೋಚರ್ ಹಾಕುವುದು ಲೇಸು. ಅದಕ್ಕೆ ಅಪ್ಪನ ಯಂತ್ರದಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಬೇಕು. ಹೋಮ್ ಆವೃತ್ತಿ ಇನ್ನೊಂದು ಯಂತ್ರವನ್ನು ನೋಡಬಲ್ಲದು, ತನ್ನ ಪರದೆಯನ್ನು ಹಾಗೆ ಬಿಟ್ಟುಕೊಡುವುದಿಲ್ಲ.