ದಣಿದವರು ಹೇಳಿದ್ದೇ ಕೊನೆ ಮಾತು

ಮಗಳೇ, ಅಳಿಯಂದಿರೇ,

ಡಿಸೆಂಬರಿನಲ್ಲಿ ಕಾರು ತೆಗೆದುಕೊಂಡು ನಮ್ಮ ಸೀಮೆಗೆ ಬರುತ್ತೀರಂತೆ. ಹೊನ್ನೇಮರಡಿನಲ್ಲಿ ಕಯಾಕ್, ನೀರಿನ ದಡದಲ್ಲಿ ಟೆಂಟ್, ಕೊಡಚಾದ್ರಿ ಚಾರಣ, ಕೊನೆಗೆ ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕೇಳಿ ತುಂಬ ಸಂತೋಷವಾಯಿತು. ಗಂಡಹೆಂಡತಿ ಇಬ್ಬರೇ ಇಂಥ ಕಡೆ ಹೋಗಬೇಕು. ಸಾಗರದಲ್ಲಿ ಹುಟ್ಟಿ ಬೆಳೆದವಳು, ಆರೋಗ್ಯ ಇಲಾಖೆಯ ಕೆಲಸಕ್ಕೆಂದು ಇಲ್ಲಿನ ಊರೂರು ತಿರುಗಿದವಳು ಎಂಬ ಸಲುಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ನೀವಿಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳಬೇಕು. ಇಬ್ಬರಲ್ಲಿ ಯಾರೇ ಆಗಲಿ, ಯಾವಾಗಲೇ ಆಗಲಿ, 'ಸಾಕು, ವಾಪಸ್ ಹೋಗೋಣ' ಎಂದರೆ ಇನ್ನೊಬ್ಬರು ಏಕೆ ಎಂದು ಕೇಳಬಾರದು. ಆಮೇಲೆ ನೆಂಟರ ಎದುರು ಅದನ್ನು ಹೇಳಿ ನಗಬಾರದು. ಚಳಿಗಾಲದಲ್ಲಿ ಈ ಒಪ್ಪಂದ ಇನ್ನೂ ಮುಖ್ಯ. ಬೇಸಿಗೆಯಲ್ಲಾದರೆ ಬಾಯಿ ಒಣಗುತ್ತದೆ, ತಲೆ ಕಾಯುತ್ತದೆ, ಸಾಕೆಂದು ದೇಹವೇ ಹೇಳಿಬಿಡುತ್ತದೆ. ತಂಪಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಗಾಳಿಗೆ ಆರಿಹೋಗುತ್ತದೆ, ಹೆಜ್ಜೆ ತಾನಾಗಿ ಮುಂದೆ ಹೋಗುತ್ತಿರುತ್ತದೆ. ಕಸುವು ಇದ್ದವರಿಗೆ ಇನ್ನೊಬ್ಬರ ದಣಿವು ಕಾಣುವುದಿಲ್ಲ. ಅವರ ಖುಷಿ ಏಕೆ ಕೆಡಿಸಲಿ ಎಂದು ಸುಮ್ಮನಿರುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಇರುವ ಅಭ್ಯಾಸ. ನಿನಗೂ ಇದೆ ಮಗಳೇ, ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹೆಂಡತಿಯ ಎದುರು ಸುಸ್ತು ತೋರಿಸಬಾರದು ಎಂಬ ಹಟ ಗಂಡಸರಿಗೂ ಇರುತ್ತದೆ. ಇವೆರಡನ್ನೂ ಬೆಂಗಳೂರಿನಲ್ಲೇ ಬಿಟ್ಟು ಬನ್ನಿ.

ಕಯಾಕಿನಲ್ಲಿ ಈ ಮಾತು ಕಣ್ಣಿಗೇ ಕಾಣುತ್ತದೆ. ಇಬ್ಬರು ಕೂರುವ ಕಯಾಕಿನಲ್ಲಿ ಮುಂದೆ ಕೂತವರಿಗೆ ಹಿಂದಿನವರು ಕಾಣುವುದಿಲ್ಲ. ಹಾಗಾಗಿ ಮುಂದಿನವರು ಹುಟ್ಟು ಹಾಕಿದ ಲೆಕ್ಕಕ್ಕೆ ಹಿಂದಿನವರು ಹೊಂದಿಕೊಳ್ಳಬೇಕು, ದಿಕ್ಕನ್ನೂ ಹಿಂದಿನವರೇ ನೋಡಿಕೊಳ್ಳಬೇಕು. ನಿಧಾನ ಇರುವವರು ಮುಂದೆ ಕೂರಲಿ. ಅಳಿಯಂದಿರು ಹಿಂದೆ ಕೂತು ಅವಳ ವೇಗಕ್ಕೆ ಹುಟ್ಟು ಹಾಕಲಿ. ಹುಟ್ಟಿಗೆ ಹುಟ್ಟು ಬಡಿದರೆ ತಪ್ಪು ಹಿಂದಿನವರದು ಎಂದು ಮೊದಲೇ ಒಪ್ಪಿಕೊಂಡರೆ ಜಗಳಕ್ಕೆ ಜಾಗವೇ ಇಲ್ಲ.

ಹೊನ್ನೇಮರಡಿನ ನೀರು ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. 1964ರಲ್ಲಿ ಅಣೆಕಟ್ಟೆ ಮುಗಿದಾಗ ಗದ್ದೆ, ತೋಟ, ದೇವಸ್ಥಾನ, ಊರಿಗೆ ಊರೇ ಮುಳುಗಿದವು. ಮುಳುಗಡೆ ಎಂದರೆ ಇಲ್ಲಿನ ಹಿರಿಯರ ದನಿ ಈಗಲೂ ಭಾರವಾಗುತ್ತದೆ. ನೀವು ತೇಲುವ ಜಾಗದ ಅಡಿಯಲ್ಲಿ ಯಾರದೋ ಅಂಗಳ ಇದೆ ಎಂಬ ನೆನಪಿರಲಿ. ಕಾಡೂ ಅಲ್ಲೇ ಮುಳುಗಿದೆ. ಮಳೆಗಾಲ ಕಳೆದು ನೀರು ಇಳಿಯುತ್ತ ಬಂದ ಹಾಗೆ ಹಳೆಯ ಮರದ ಬೊಡ್ಡೆಗಳು ಮೇಲ್ಮಟ್ಟಕ್ಕೆ ಬರುತ್ತವೆ. ಕೆಲವು ಕಾಣುತ್ತವೆ, ಕೆಲವು ಒಂದು ಗೇಣು ಕೆಳಗೆ ಅಡಗಿರುತ್ತವೆ. ಅದಕ್ಕೇ ಅಲ್ಲಿನ ಕಯಾಕ್ ತರಬೇತಿ ಕೇಂದ್ರದವರು ತೋರಿಸಿದ ದಾರಿ ಬಿಟ್ಟು ಹೋಗಬೇಡಿ. ಬೆಳಿಗ್ಗೆ ಮಂಜು ಪೂರ್ತಿ ಹರಿಯುವ ತನಕ ನೀರಿಗಿಳಿಯಬೇಡಿ. ಮಂಜಿನಲ್ಲಿ ನಾಲ್ಕು ಹುಟ್ಟು ಹಾಕುವುದರೊಳಗೆ ದಡ ಮರೆಯಾಗುತ್ತದೆ. ಮಧ್ಯಾಹ್ನದ ಮೇಲೆ ಬಯಲು ನೀರಿನ ಮೇಲೆ ಗಾಳಿ ಎದ್ದು ಅಲೆ ಶುರುವಾಗುತ್ತದೆ, ಅಷ್ಟರಲ್ಲಿ ದಡ ಸೇರಿರಬೇಕು. ಲೈಫ್ ಜಾಕೆಟ್ಟಿನ ಎಲ್ಲ ಬಕಲ್ ಹಾಕಿಕೊಂಡು, ಒಬ್ಬರು ಇನ್ನೊಬ್ಬರ ಜಾಕೆಟ್ಟನ್ನು ಭುಜದಲ್ಲಿ ಹಿಡಿದು ಮೇಲೆತ್ತಿ ನೋಡಿ. ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ಅಕಸ್ಮಾತ್ ಮಗುಚಿದರೆ ದಡ ಹತ್ತಿರವಿದೆ ಎಂದು ಈಜಲು ಹೋಗಬೇಡಿ. ಕಯಾಕ್ ತೇಲುತ್ತಲೇ ಇರುತ್ತದೆ, ಅದನ್ನು ಹಿಡಿದುಕೊಳ್ಳಿ.

ನೆನೆದ ಬಟ್ಟೆಯಲ್ಲೇ ಗಾಳಿಗೆ ಕೂತು ಹರಟಬೇಡಿ. ನಡುಕ ಬಂದು, ಬೆರಳು ಗುಂಡಿ ಹಾಕಲಾರದಂತಾಗಿ, ಮಾತು ತೊದಲಿದರೆ ಅದು ಶೀತ ಮೈಯೊಳಗೆ ಇಳಿದ ಲಕ್ಷಣ. ಒಣ ಬಟ್ಟೆ, ಬಿಸಿ ಕುಡಿಯಲು ಏನಾದರೂ, ತಕ್ಷಣ. ಹತ್ತಿಯ ಜೀನ್ಸು, ಟೀ ಶರ್ಟು ಒದ್ದೆಯಾದರೆ ಬೇಗ ಒಣಗುವುದಿಲ್ಲ. ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ಮಳೆಯಲ್ಲಿ ನಾಟಿಗೆ ಹೋಗುವವರು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ. ಮಲಗುವುದಕ್ಕೆಂದೇ ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಟ್ಟುಕೊಳ್ಳಿ, ಅದನ್ನು ಹಗಲು ಮುಟ್ಟಬೇಡಿ.

ಟೆಂಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಳಿ ನೆಲದಿಂದ ಬರುತ್ತದೆ, ಆದ್ದರಿಂದ ಹೊದೆಯುವುದಕ್ಕಿಂತ ಹಾಸುವುದು ದಪ್ಪ ಇರಲಿ. ಬಾಗಿಲು ಪೂರ್ತಿ ಮುಚ್ಚಿದರೆ ನಿಮ್ಮ ಉಸಿರೇ ಬೆಳಗಿನ ಹೊತ್ತಿಗೆ ನೀರಾಗಿ ತೊಟ್ಟಿಕ್ಕುತ್ತದೆ, ಮೇಲೆ ಸ್ವಲ್ಪ ತೆರೆದಿಡಿ. ಚಳಿಯೆಂದು ಇದ್ದಿಲ ಕೆಂಡವನ್ನಾಗಲಿ ಗ್ಯಾಸ್ ಒಲೆಯನ್ನಾಗಲಿ ಟೆಂಟಿನೊಳಗೆ ಎಂದೂ ತರಬೇಡಿ. ಅವುಗಳ ವಿಷಾನಿಲಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಒಪ್ಪಿಗೆ ಇಲ್ಲದ ಕಾಡಿನಲ್ಲಿ ಟೆಂಟ್ ಹಾಕುವುದು ಬೇಡವೇ ಬೇಡ.

ಈಗ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ. ಮಳೆ ನಿಂತಿದೆ, ಇಂಬಳದ ಕಾಟ ಇಲ್ಲ ಎಂದು ಬೆಂಗಳೂರಿನವರು ಚಳಿಗಾಲದಲ್ಲೇ ಮಲೆನಾಡಿಗೆ ಬರುತ್ತಾರೆ. ಇಂಬಳ ಇಲ್ಲ, ನಿಜ. ಆದರೆ ಉಣುಗಿನ ಕಾಲ ಶುರುವಾಗುವುದೇ ಆಗ. ಮಂಗನ ಕಾಯಿಲೆ ಹರಡುವುದು ಆ ಉಣುಗಿನಿಂದ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ್ದರಿಂದ ಅದಕ್ಕೆ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂದೂ ಹೆಸರು. ಡಿಸೆಂಬರಿನಿಂದ ಮೇವರೆಗೆ ಅದರ ಹಾವಳಿ. 2018-19ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟೋ ಮನೆಗಳು ಆ ಜ್ವರಕ್ಕೆ ತಮ್ಮವರನ್ನು ಕಳೆದುಕೊಂಡವು. ಕಾಯಿಲೆ ಹರಡುವ ಮರಿ ಉಣುಗು ಎಳ್ಳಿಗಿಂತ ದೊಡ್ಡದಿರುವುದಿಲ್ಲ. ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಹೆದರಿ ಬರುವುದು ಬಿಡಿ ಎನ್ನುತ್ತಿಲ್ಲ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ನಮ್ಮಲ್ಲಿ ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಡೆಪಾ ಎಣ್ಣೆ ಕೊಡುತ್ತದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಾಡಿನಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ಫೋಟೋಗಾಗಿಯೂ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸಂಜೆ ಬಿಸಿನೀರಲ್ಲಿ ಸೋಪು ಹಾಕಿ ಮೈ ತೊಳೆದು, ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದು ಒಬ್ಬರದನ್ನೊಬ್ಬರು ನೋಡಿ. ಹಾಕಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ. ಬೆಂಗಳೂರಿಗೆ ಮರಳಿದ ಮೇಲೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಯೆಲ್ಲ ನಜ್ಜುಗುಜ್ಜಾದ ಹಾಗೆ ನೋವು ಬಂದರೆ, 'ನಾನು ಸಾಗರದ ಕಾಡಿಗೆ ಹೋಗಿದ್ದೆ' ಎಂದು ಡಾಕ್ಟರಿಗೆ ಮೊದಲ ಮಾತಾಗಿ ಹೇಳಬೇಕು. ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ, ಅಷ್ಟರಲ್ಲಿ ಪ್ರವಾಸವೇ ಮರೆತಿರುತ್ತದೆ. ನೀವು ಹೇಳದಿದ್ದರೆ ಅಲ್ಲಿನ ಡಾಕ್ಟರಿಗೆ ಈ ಕಾಯಿಲೆ ಹೊಳೆಯುವುದು ಕಷ್ಟ.

ಸಾಗರದಿಂದ ಕೊಡಚಾದ್ರಿಗೆ ಹೋಗುವಾಗ ಸಿಗಂದೂರು ದಾರಿ ಹಿಡಿಯಿರಿ. ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ 2.4 ಕಿಲೋಮೀಟರ್ ಉದ್ದದ ಸೇತುವೆ ಆಗಿದೆ. ಆಚೆ ದಡದ ತುಮರಿ ಕಡೆಯ ಜನ ಅದಕ್ಕಾಗಿ ಎಷ್ಟು ಕಾಲ ಕಾದರೆಂದು ಅಲ್ಲಿನವರನ್ನೇ ಕೇಳಿ ತಿಳಿದುಕೊಳ್ಳಿ. ಕೊಡಚಾದ್ರಿ 1343 ಮೀಟರ್ ಎತ್ತರ. ಜೀಪು ಹೋಗುತ್ತದೆ, ನೀವು ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆಯುತ್ತೇವೆ ಎಂದಿದ್ದೀರಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಿ. ಜಲಪಾತದ ಪಕ್ಕದ ಬಂಡೆಗಳು ಚಳಿಗಾಲದಲ್ಲೂ ಜಾರುತ್ತವೆ. ಮೇಲೆ ಸೂರ್ಯಾಸ್ತ ನೋಡಿಯೇ ಇಳಿಯುತ್ತೇವೆ ಎಂದು ಹಟ ಹಿಡಿದವರು ಕತ್ತಲಲ್ಲಿ ಕಾಲು ಉಳುಕಿಸಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಸಂಜೆ 6ಕ್ಕೆ ಸ್ವಲ್ಪ ಮೇಲೆ ಹೊತ್ತು ಮುಳುಗುತ್ತದೆ, ಮರದಡಿ ಅದಕ್ಕೂ ಮೊದಲೇ ಕತ್ತಲು. ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ಹಿಂದಿರುಗಿ, ತುದಿ ಮುಟ್ಟಿರಲಿ ಬಿಡಲಿ. ಇಳಿದ ದಿನ ಕಾರು ಓಡಿಸಬೇಡಿ. ಸೋತ ಕಾಲಿಗೆ ಬ್ರೇಕ್ ಒತ್ತುವ ಚುರುಕು ಇರುವುದಿಲ್ಲ, ಘಟ್ಟದಲ್ಲಿ ರಾತ್ರಿ ಮಂಜು ಬೇರೆ. ಅಲ್ಲೇ ಮಲಗಿ, ಮರುದಿನ ಕೊಲ್ಲೂರು, ಭಟ್ಕಳದ ಮೇಲೆ ಹೊನ್ನಾವರಕ್ಕೆ ಹೋಗಿ.

ಕಾಂಡ್ಲಾ ಕಾಡಿನೊಳಗೆ ದೋಣಿ ನಡೆಸುವುದು ಉಬ್ಬರ-ಇಳಿತದ ಲೆಕ್ಕ. ಸುಮಾರು ಆರು ಗಂಟೆಗೊಮ್ಮೆ ನೀರು ತಿರುಗುತ್ತದೆ, ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡವಾಗುತ್ತ ಹೋಗುತ್ತದೆ. ನಿನ್ನೆ ಹೊರಟ ಹೊತ್ತಿಗೇ ಇಂದು ಹೊರಟರೆ ಇಳಿತಕ್ಕೆ ಸಿಕ್ಕಿ ಕೆಸರಿನಲ್ಲಿ ಕೂರಬೇಕಾದೀತು. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಇನ್ನೂ ಜೋರು. ಅಲ್ಲಿನ ದೋಣಿಯವರಲ್ಲಿ ಆ ದಿನದ ಹೊತ್ತು ಕೇಳಿಕೊಂಡು ಉಬ್ಬರದ ನೀರಿನಲ್ಲಿ ಒಳಗೆ ಹೋಗಿ, ಅಳಿವೆಯ ಕಡೆಗೆ ಮಾತ್ರ ತಲೆ ಹಾಕಬೇಡಿ.

ಯಾವ ರಾತ್ರಿ ಎಲ್ಲಿರುತ್ತೀರಿ, ಎಷ್ಟು ಹೊತ್ತಿನೊಳಗೆ ಫೋನ್ ಮಾಡುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದು ನಿಮ್ಮಮ್ಮನಿಗೂ ನನಗೂ ವಾಟ್ಸಾಪ್ ಮಾಡಿ. ಕೊಡಚಾದ್ರಿಯ ಕಾಡುದಾರಿಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಗೇರುಸೊಪ್ಪ ಘಟ್ಟ ಹತ್ತಿ ವಾಪಸ್ ಬರುವಾಗ ಸಾಗರದ ಮನೆಗೆ ಬರಲೇಬೇಕು. ಹಂಡೆಯಲ್ಲಿ ನೀರು ಕಾಯಿಸಿರುತ್ತೇನೆ. ಬ್ಯಾಗು ಅಂಗಳದಲ್ಲೇ ಇರಲಿ, ಮೊದಲು ಸ್ನಾನ, ಆಮೇಲೆ ಇಬ್ಬರ ಕಿವಿಯ ಹಿಂದೆಯೂ ನಾನೇ ನೋಡುತ್ತೇನೆ, ಅಳಿಯಂದಿರು ಸಂಕೋಚ ಮಾಡಿಕೊಳ್ಳಬಾರದು. ಅಪ್ಪೆಮಿಡಿ ಉಪ್ಪಿನಕಾಯಿಯ ಹೊಸ ಜಾಡಿ ನೀವು ಬಂದ ಮೇಲೆ ತೆಗೆಯುತ್ತೇನೆ.

ನಿಮ್ಮ,
ದೊಡ್ಡಮ್ಮ